'ಕನ್ನಡ' ಅಂದರೆ ಎಷ್ಟು ಅಕ್ಷರ?

(ಕನ್ನಡ ಕಾರ್ಯಕರ್ತರ ಕಂಪ್ಯೂಟರ್ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ವೇದಿಕೆಗೆ ಬಾವುಟ ಕಟ್ಟಿದ್ದೀರಿ, ಶಾಲು ಹಾರ ತಂದಿದ್ದೀರಿ. ಶಾಲು ಹಾಗೇ ಇರಲಿ. ನಾನು ಕೇಳಿದ್ದು ಕರೆಂಟಿನ ಎಕ್ಸ್‌ಟೆನ್ಷನ್ ಬಾಕ್ಸು. ಅದು ಬಂತಲ್ಲ, ಸಾಕು.

ನಮ್ಮ ಹೋರಾಟದ ಒಂದು ದೌರ್ಬಲ್ಯದಿಂದ ಶುರು ಮಾಡುತ್ತೇನೆ. ಯಾರೂ ಬೇಜಾರು ಮಾಡಿಕೊಳ್ಳಬಾರದು. ನಾವು ಮನವಿಪತ್ರ ಹಿಡಿದು ಅಧಿಕಾರಿಯ ಮುಂದೆ ಹೋಗುತ್ತೇವೆ. ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕು ಎಂಬ ತಿದ್ದುಪಡಿ 2024ರಲ್ಲೇ ಬಂದಿದೆ, ನಮ್ಮ ಬಡಾವಣೆಯಲ್ಲಿ ಪಾಲಿಸುತ್ತಿಲ್ಲ ಎನ್ನುತ್ತೇವೆ. ಆತ ಕನ್ನಡಕ ಸರಿಮಾಡಿಕೊಂಡು ಕೇಳುತ್ತಾನೆ: ಎಷ್ಟು ಅಂಗಡಿ? ಯಾವ ರಸ್ತೆಯಲ್ಲಿ ಎಷ್ಟು? ನೋಡಿದ್ದು ಯಾವತ್ತು? ನಾವು 'ತುಂಬಾ ಇವೆ ಸಾರ್' ಅನ್ನುತ್ತೇವೆ. ಆತ ಟೀ ತರಿಸುತ್ತಾನೆ. ಟೀ ಕುಡಿದು, ಫೋಟೋ ತೆಗೆಸಿಕೊಂಡು ವಾಪಸ್ಸು ಬರುತ್ತೇವೆ. ಆ ಟೀ ಇದೆಯಲ್ಲ, ಅದು ನಮ್ಮ ಸೋಲಿನ ಟೀ.

ಹಾಗಂತ ಲೆಕ್ಕ ನಮ್ಮಲ್ಲಿ ಇಲ್ಲವೇ? ಇದೆ. ಆರು ಜನ ಹುಡುಗರು ಆರು ರಸ್ತೆ ಸುತ್ತಿ ಮೊಬೈಲಿನಲ್ಲಿ ಪಟ್ಟಿ ಬರೆದುಕೊಂಡಿರುತ್ತಾರೆ. ಆದರೆ ಅದನ್ನೆಲ್ಲ ಕೂಡಿಸಿ ಎಣಿಸುವವನೊಬ್ಬ ಇರುತ್ತಾನೆ, ಅವನಿಗೆ ಮಾತ್ರ ಅದು ಬರುತ್ತದೆ, ಅವನು ಅವತ್ತು ಊರಲ್ಲಿರುವುದಿಲ್ಲ. ಇವತ್ತು ನಾನು ಹೇಳಿಕೊಡುವ ಎರಡು ಆಜ್ಞೆಗಳು ಬಂದರೆ ಅವನು ಊರಲ್ಲಿ ಇರಬೇಕಾದ ಅಗತ್ಯ ಇಲ್ಲ. ಒಂದರ ಹೆಸರು ಕಟ್. ಇನ್ನೊಂದರ ಹೆಸರು ಆಕ್. ಎರಡೂ ಲಿನಕ್ಸಿನಲ್ಲಿ ಉಚಿತ. ಇವು ಮೌಸು ಒತ್ತುವ ಕೆಲಸವಲ್ಲ, ಕಪ್ಪು ಪರದೆಯ ಮೇಲೆ ಟೈಪು ಮಾಡುವ ಕೆಲಸ. ಬೋರ್ಡಿನ ಮೇಲೆ ರೋಮನ್ ಲಿಪಿಯಲ್ಲಿ ಬರೆದಿದ್ದೇನೆ. ನಾಳೆ ಪತ್ರಿಕೆಯಲ್ಲಿ ಅಚ್ಚಾಗುವಾಗ ನಮ್ಮ ಸಂಪಾದಕರು ಅದನ್ನು ಓದುವ ಹಾಗೆ ಕನ್ನಡದಲ್ಲೇ ಹಾಕುತ್ತಾರೆ. ಅವರ ಹಟ ನಿಮಗೆ ಗೊತ್ತಲ್ಲ.

ಪಟ್ಟಿ ಹೀಗಿದೆ ಅಂದುಕೊಳ್ಳಿ. ಒಂದು ಅಂಗಡಿಗೆ ಒಂದು ಸಾಲು. ಸಾಲಿನಲ್ಲಿ ನಾಲ್ಕು ಕಾಲಂ: ಅಂಗಡಿಯ ಹೆಸರು, ರಸ್ತೆ, ಫಲಕದ ಭಾಷೆ, ನೋಡಿದ ದಿನ. ಕಾಲಂಗಳ ಮಧ್ಯೆ ಅಲ್ಪವಿರಾಮ. ಈಗ ಕಟ್ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಡಿ, ಅದಕ್ಕೆ ಅಂಟಿಕೊಂಡು ಅಲ್ಪವಿರಾಮ. ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಎಫ್ 3. ಆಮೇಲೆ ಫೈಲಿನ ಹೆಸರು. ಡಿ ಅಂದರೆ ಯಾವ ಗುರುತಿನಲ್ಲಿ ಸಾಲನ್ನು ತುಂಡು ಮಾಡಬೇಕು ಅನ್ನುವುದು. ಎಫ್ ಅಂದರೆ ಎಷ್ಟನೆಯ ತುಂಡು ಬೇಕು ಅನ್ನುವುದು. ಎಂಟರ್ ಒತ್ತಿದರೆ ಮೂರನೆಯ ಕಾಲಂ ಒಂದೇ ಕೆಳಗಿಳಿದು ಬರುತ್ತದೆ: ಕನ್ನಡ, ಇಂಗ್ಲಿಷ್, ಎರಡೂ, ಇಂಗ್ಲಿಷ್... ಅದರ ಮುಂದೆ ನಿಂತಗೆರೆ ಹಾಕಿ ಸಾರ್ಟ್, ಮತ್ತೊಂದು ನಿಂತಗೆರೆ ಹಾಕಿ ಯೂನಿಕ್ ಅಡ್ಡಗೆರೆ ಸಿ. ಯಾವ ಭಾಷೆಯ ಫಲಕ ಎಷ್ಟು ಎಂಬ ಲೆಕ್ಕ ಮುಂದೆ ಬಂದು ನಿಲ್ಲುತ್ತದೆ. ಇಷ್ಟಕ್ಕೆ ಮೂರು ಸೆಕೆಂಡು ಸಾಕು.

ಇಷ್ಟೇ ಆಗಿದ್ದರೆ ನಾನು ಇಷ್ಟು ದೂರ ಬಸ್ಸು ಹತ್ತಿ ಬರುತ್ತಿರಲಿಲ್ಲ.

ಮೊದಲ ತೊಡಕು ನಮ್ಮ ವಿಳಾಸಗಳದ್ದು. ನಮ್ಮ ಊರಿನ ವಿಳಾಸದಲ್ಲಿ ಅಲ್ಪವಿರಾಮ ಇಲ್ಲದೆ ಬದುಕೇ ಇಲ್ಲ: 'ನಂ. 12, 3ನೇ ಅಡ್ಡರಸ್ತೆ, ದೇವಸ್ಥಾನದ ಹಿಂಭಾಗ'. ಕಟ್‌ಗೆ ಅದೆಲ್ಲ ಗೊತ್ತಿಲ್ಲ, ಸುತ್ತ ಉದ್ಧರಣ ಚಿಹ್ನೆ ಹಾಕಿದ್ದರೂ ಅದು ಕೇಳುವುದಿಲ್ಲ. ಕಂಡ ಕಂಡ ಅಲ್ಪವಿರಾಮದಲ್ಲಿ ಕತ್ತರಿಸುತ್ತದೆ, ಮೂರನೆಯ ಕಾಲಂನಲ್ಲಿ ಭಾಷೆಯ ಬದಲು 3ನೇ ಅಡ್ಡರಸ್ತೆ ಬಂದು ಕೂರುತ್ತದೆ. ಅದಕ್ಕೇ ಪಟ್ಟಿ ಮಾಡುವಾಗ ಅಲ್ಪವಿರಾಮ ಬಿಟ್ಟು ಟ್ಯಾಬ್ ಬಳಸಿ. ಟ್ಯಾಬ್ ಇದ್ದರೆ ಕಟ್‌ಗೆ ಡಿ ಕೂಡ ಬೇಕಿಲ್ಲ, ಅದರ ಹುಟ್ಟುಗುಣವೇ ಟ್ಯಾಬ್. ಈಗಾಗಲೇ ಅಲ್ಪವಿರಾಮದ ಪಟ್ಟಿ ಕೈಯಲ್ಲಿದ್ದರೆ, 2023ರಲ್ಲಿ ಬಂದ ಗ್ನೂ ಆಕ್ 5.3ರಲ್ಲಿ ಎರಡು ಅಡ್ಡಗೆರೆ ಹಾಕಿ ಸಿಎಸ್‌ವಿ ಎಂದರೆ ಉದ್ಧರಣ ಚಿಹ್ನೆಯೊಳಗಿನ ಅಲ್ಪವಿರಾಮವನ್ನು ಅದು ಮುಟ್ಟುವುದಿಲ್ಲ.

ಕಟ್‌ಗೆ ಇನ್ನೆರಡು ಚಾಳಿಗಳಿವೆ. ಮೂರನೆಯದು ಮೊದಲು, ಒಂದನೆಯದು ಆಮೇಲೆ ಬೇಕು ಅಂತ 3,1 ಎಂದು ಕೇಳಿದರೂ ಅದು 1,3 ಅಂತಲೇ ಕೊಡುತ್ತದೆ. ಬೇರ್ಪಡಿಸುವ ಗುರುತೇ ಇಲ್ಲದ ಸಾಲನ್ನು ಇಡಿಯಾಗಿ ಹೊರಗೆ ಚೆಲ್ಲುತ್ತದೆ. ಬೇಡವಾದರೆ ಅಡ್ಡಗೆರೆ ಎಸ್ ಹಾಕಬೇಕು. ಇಷ್ಟು ಗೊತ್ತಿದ್ದರೆ ಸಾಕು.

ಆಕ್ ಹಾಗಲ್ಲ. 1977ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಅಹೋ, ವೈನ್‌ಬರ್ಗರ್, ಕರ್ನಿಹಾನ್ ಎಂಬ ಮೂವರು ಮಾಡಿದ್ದು. ಅವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಸಾಲು ಬಂದ ಕೂಡಲೇ ಅದನ್ನು ತುಂಡು ಮಾಡಿ ಡಾಲರ್ 1, ಡಾಲರ್ 2 ಅಂತ ಕೈಗೆ ಕೊಡುತ್ತದೆ. ಅದಕ್ಕೆ ಷರತ್ತು ಹೇಳಬಹುದು: ಡಾಲರ್ 3 'ಇಂಗ್ಲಿಷ್' ಆಗಿದ್ದರೆ ಮಾತ್ರ ಡಾಲರ್ 2ರ ಲೆಕ್ಕಕ್ಕೆ ಒಂದು ಸೇರಿಸು, ಕೊನೆಯಲ್ಲಿ ರಸ್ತೆವಾರು ಬರೆದು ತೋರಿಸು. ಒಂದೇ ಸಾಲಿನ ಆಜ್ಞೆ. ಅಧಿಕಾರಿ ಕೇಳಿದ ಪ್ರಶ್ನೆಗೆ ಉತ್ತರ ಇದೇ ಅಲ್ಲವೇ? ಯಾವ ರಸ್ತೆ, ಎಷ್ಟು ಅಂಗಡಿ.

ಈಗ ಗಮನ ಕೊಡಿ. ಈ ಲೆಕ್ಕ ತಪ್ಪು ಬರುತ್ತದೆ.

ನಮ್ಮದೊಂದು ಪಟ್ಟಿಯಲ್ಲಿ ನಾನೇ ಕಂಡದ್ದು ಇದು. ಎಣಿಕೆ ಮಾಡಿದರೆ 'ಇಂಗ್ಲಿಷ್' ಎರಡು ಸಲ ಬಂತು. ಮೇಲೊಂದು ಇಂಗ್ಲಿಷ್, ಕೆಳಗೊಂದು ಇಂಗ್ಲಿಷ್, ಎರಡಕ್ಕೂ ಬೇರೆ ಬೇರೆ ಸಂಖ್ಯೆ. ಕಣ್ಣುಜ್ಜಿಕೊಂಡು ನೋಡಿದರೂ ವ್ಯತ್ಯಾಸವಿಲ್ಲ. ಆಮೇಲೆ ಆಕ್‌ಗೆ ಆ ಕಾಲಂನ ಉದ್ದ ಹೇಳು ಅಂದೆ. ಒಂದಕ್ಕೆ 8 ಎಂದಿತು, ಇನ್ನೊಂದಕ್ಕೆ 9. ಆ ಒಂಬತ್ತನೆಯದು ಯಾರು? ಕಣ್ಣಿಗೆ ಕಾಣದ ಗುರುತು. 'ಹಾರ್ಡ್‌ವೇರ್' ಎಂದು ಬರೆಯುವಾಗ ಡಕಾರಕ್ಕೆ ವಕಾರದ ಒತ್ತು ಬೀಳದಂತೆ ಮಧ್ಯೆ ಒಂದು ತಡೆ ಹಾಕುತ್ತೇವಲ್ಲ, ಅದು. ಕೆಲವು ಕೀಲಿಮಣೆಗಳು, ಕೆಲವು ಪರಿವರ್ತಕಗಳು ಅರ್ಧಾಕ್ಷರದಲ್ಲಿ ಮುಗಿಯುವ ಪದದ ಬಾಲಕ್ಕೂ ಅದನ್ನು ಅಂಟಿಸಿಬಿಡುತ್ತವೆ. ಕನ್ನಡ ಅರ್ಧಾಕ್ಷರದಲ್ಲಿ ಮುಗಿಯುವ ಭಾಷೆಯಲ್ಲ, ಆದರೆ ನಮ್ಮ ಅಂಗಡಿಗಳ ಹೆಸರೆಲ್ಲ ಸ್ಟೋರ್ಸ್, ಮೆಡಿಕಲ್ಸ್, ಟೈಲರ್ಸ್! ಹಾಗಾಗಿ ಈ ಕಾಟ ನಾಮಫಲಕದ ಪಟ್ಟಿಯಲ್ಲೇ ಹೆಚ್ಚು. 'ಇಂಗ್ಲಿಷ್ ಆಗಿದ್ದರೆ' ಎಂಬ ನಮ್ಮ ಷರತ್ತು ಬಾಲವಿಲ್ಲದ ಇಂಗ್ಲಿಷನ್ನು ಮಾತ್ರ ಹಿಡಿಯುತ್ತದೆ. ಬಾಲವಿದ್ದ ಅಂಗಡಿಗಳೆಲ್ಲ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ. ಅಂಥ ಲೆಕ್ಕ ಹಿಡಿದು ಹೋದರೆ ಅಧಿಕಾರಿಯಲ್ಲ, ಅಂಗಡಿಯವನೇ ನಮ್ಮನ್ನು ಸುಳ್ಳರು ಅಂತಾನೆ.

ಪರಿಹಾರ ಸರಳ. ಎಣಿಸುವ ಮುಂಚೆ ಫೈಲಿನ ನಕಲು ಮಾಡಿ, ನಕಲಿನಲ್ಲಿ ಆಕ್‌ನ ಜೀಸಬ್ ಬಳಸಿ ಆ ಗುರುತನ್ನು ಅಳಿಸಿ, ಆಮೇಲೆ ಎಣಿಸಿ. ಮೂಲದಲ್ಲಿ ಅಳಿಸಬೇಡಿ, ಹಾರ್ಡ್‌ವೇರ್ ಕೆಡುತ್ತದೆ. ಇದೇ ಜಾತಿಯ ಇನ್ನೊಂದಿದೆ: 'ರೋ' ಎಂಬುದನ್ನು ಒಂದೇ ಚಿಹ್ನೆಯ ಓತ್ವದಿಂದಲೂ ಬರೆಯಬಹುದು, ಎತ್ವ, ಊಕಾರ, ದೀರ್ಘದ ಗುರುತು ಮೂರನ್ನೂ ಪೋಣಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಆಕ್ ಕಣ್ಣಿಗೆ ಎರಡೂ ಬೇರೆ.

ಇಲ್ಲಿಂದ ನನ್ನ ನಿಜವಾದ ತಕರಾರು. ಒಬ್ಬ ಹುಡುಗ ತನ್ನ ಪಟ್ಟಿಯಲ್ಲಿ ಅಲ್ಪವಿರಾಮವೂ ಬೇಡ, ಟ್ಯಾಬೂ ಬೇಡ ಎಂದು ಹಳೆಯ ಪುಸ್ತಕಗಳ ಪದ್ಯದ ಕೊನೆಯಲ್ಲಿ ಬರುವ ಒಂಟಿ ದಂಡವನ್ನು ಕಾಲಂಗಳ ನಡುವೆ ಹಾಕಿದ್ದ. ಒಳ್ಳೆಯ ಯೋಚನೆ, ಅಂಗಡಿ ಹೆಸರಲ್ಲಿ ದಂಡ ಎಲ್ಲಿ ಬರುತ್ತದೆ? ಕಟ್‌ಗೆ ಅಡ್ಡಗೆರೆ ಡಿ ದಂಡ ಅಂತ ಕೊಟ್ಟ. ಉಬುಂಟು ಜೊತೆ ವರ್ಷಗಟ್ಟಲೆ ಬಂದಿರುವ ಗ್ನೂ ಕಟ್ ಏನು ಹೇಳಿತು ಗೊತ್ತೇ? ಗುರುತು ಒಂದೇ ಒಂದು ಅಕ್ಷರವಾಗಿರಬೇಕು ಎಂದು ಇಂಗ್ಲಿಷಿನಲ್ಲಿ ಬೈದಿತು. ಅವನು ಕೊಟ್ಟದ್ದು ಒಂದೇ ಅಕ್ಷರ! ನಾನೂ ನೋಡಿದೆ, ಒಂದೇ.

ಕಾರಣ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರು ಅಕ್ಷರವನ್ನು ಬೈಟುಗಳಲ್ಲಿ ಇಡುತ್ತದೆ. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟದ ಮೇಜಿಗೆ ಹಾಸಿದ ಕಾಗದದ ಮೇಲೆ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಒಂದು ಪದ್ಧತಿ ಗೀಚಿದರು. ಅದೇ ಯುಟಿಎಫ್-8. ಇವತ್ತು ಜಗತ್ತಿನ ಬಹುತೇಕ ಬರಹ ಅದರಲ್ಲೇ ಇದೆ. ಅದರ ಪ್ರಕಾರ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು. ಈ ಪದ್ಧತಿಯನ್ನು ನಾನು ದೂರುವುದಿಲ್ಲ, ಅದರಿಂದಲೇ ಕನ್ನಡ ಎಲ್ಲ ಯಂತ್ರದಲ್ಲೂ ಕೂತಿದೆ. ದೂರು ಕಟ್‌ನಂಥ ಸಲಕರಣೆಗಳ ಮೇಲೆ. ಅವು ಬೈಟನ್ನೇ ಅಕ್ಷರ ಅಂದುಕೊಂಡಿವೆ. ಕಟ್‌ನಲ್ಲಿ ಬೈಟಿಗೆ ಅಡ್ಡಗೆರೆ ಬಿ, ಅಕ್ಷರಕ್ಕೆ ಅಡ್ಡಗೆರೆ ಸಿ ಎಂದು ಎರಡು ಬೇರೆ ಆಯ್ಕೆಗಳಿವೆ. ಆದರೆ ಸಿ ಕೊಟ್ಟರೂ ಗ್ನೂ ಕಟ್ ಮಾಡುತ್ತಿದ್ದುದು ಬಿಯ ಕೆಲಸವನ್ನೇ. ಸದ್ಯಕ್ಕೆ ಎರಡೂ ಒಂದೇ, ಮುಂದೆ ಬದಲಾಗುತ್ತದೆ ಎಂಬರ್ಥದ ಮಾತು ಅದರ ಕೈಪಿಡಿಯಲ್ಲಿ ವರ್ಷಾನುವರ್ಷ ಹಾಗೇ ಉಳಿದಿತ್ತು. ನಮ್ಮ ಸರ್ಕಾರಿ ಸುತ್ತೋಲೆಯ 'ಸೂಕ್ತ ಕಾಲದಲ್ಲಿ' ಇದ್ದ ಹಾಗೆ. ಕೆಲವು ಲಿನಕ್ಸ್ ವಿತರಣೆಯವರು ತಾವೇ ತೇಪೆ ಹಾಕಿಕೊಂಡರು.

ಪರಿಣಾಮ ನೋಡಿ. ಗುರುತಿನ ಚೀಟಿಗೆ ಹೆಸರಿನ ಮೊದಲ ಹತ್ತು ಅಕ್ಷರ ಬೇಕು ಎಂದು ಕಟ್ ಅಡ್ಡಗೆರೆ ಸಿ 1-10 ಎಂದರೆ, 'ಮಂಜುನಾಥ ಸ್ಟೋರ್ಸ್' ಎಂಬುದರಲ್ಲಿ ಮ, ಸೊನ್ನೆ, ಜ, ಮೂರಕ್ಕೆ ಒಂಬತ್ತು ಬೈಟು ಮುಗಿಯುತ್ತದೆ. ಹತ್ತನೆಯ ಬೈಟು ಉಕಾರದ ಮೂರರಲ್ಲಿ ಒಂದು ಚೂರು. ಪರದೆಯ ಮೇಲೆ 'ಮಂಜ' ಬಂದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ನಿಲ್ಲುತ್ತದೆ. ಪಡಿತರ ಚೀಟಿಯಲ್ಲಿ, ಬಿಲ್ಲಿನಲ್ಲಿ, ಟಿಕೆಟ್ಟಿನಲ್ಲಿ ಕನ್ನಡ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅದರ ಹಿಂದೆ ಹೀಗೆ ಬೈಟು ಎಣಿಸಿ ಕತ್ತರಿಸಿದ ಯಾವುದೋ ಸಲಕರಣೆ ಇರುವ ಸಾಧ್ಯತೆ ಹೆಚ್ಚು.

ಹಾಗಾದರೆ 'ಕನ್ನಡ' ಅಂದರೆ ಎಷ್ಟು ಅಕ್ಷರ? ಒಂದನೇ ಕ್ಲಾಸಿನ ಮಗುವನ್ನು ಕೇಳಿ, ಬೆರಳು ಮಡಚಿ ಮೂರು ಅನ್ನುತ್ತದೆ: ಕ, ನ್ನ, ಡ. ಡೆಬಿಯನ್, ಉಬುಂಟುಗಳು ತಾವಾಗಿ ಕೊಡುವ ಆಕ್‌ನ ಹೆಸರು ಮಾಕ್. ಅದನ್ನು ಉದ್ದ ಕೇಳಿ, ಹದಿನೈದು ಅನ್ನುತ್ತದೆ, ಬೈಟು ಎಣಿಸುತ್ತದೆ. ಗ್ನೂ ಆಕ್ ಹಾಕಿಕೊಂಡು, ಭಾಷೆಯ ಸೆಟ್ಟಿಂಗ್ ಯುಟಿಎಫ್-8 ಇಟ್ಟು ಕೇಳಿ, ಐದು ಅನ್ನುತ್ತದೆ: ಕ, ನ, ಅರ್ಧಾಕ್ಷರದ ಗುರುತು, ಇನ್ನೊಂದು ನ, ಡ. ಇನ್ನು ಗ್ರೆಪ್ ಎಂಬುದಕ್ಕೆ 'ಓದುಗನಿಗೆ ಒಂದಾಗಿ ಕಾಣುವ ಗುಂಪು ಎಣಿಸು' ಎನ್ನುವ ಸೂತ್ರ ಕೊಡಿ, ನಾಲ್ಕು ಅನ್ನುತ್ತದೆ: ಕ, ನ್, ನ, ಡ. ಹದಿನೈದು, ಐದು, ನಾಲ್ಕು. ಮಗುವಿನ ಮೂರು ಯಾರ ಬಾಯಲ್ಲೂ ಇಲ್ಲ!

ಆ ನಾಲ್ಕರ ಕಥೆ ನೀವು ಕೇಳಲೇಬೇಕು. ಎಲ್ಲಿ ಒಂದು ಅಕ್ಷರ ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬ ನಿಯಮ ಬರೆಯುವುದು ಯೂನಿಕೋಡ್ ಸಂಸ್ಥೆ. ಒತ್ತಕ್ಷರವನ್ನು ಮಧ್ಯೆ ಸೀಳಬಾರದು ಎಂಬ ನಿಯಮವನ್ನು ಅವರು ಸೇರಿಸಿದ್ದು 2023ರಲ್ಲಿ, 15.1ನೇ ಆವೃತ್ತಿಯಲ್ಲಿ. ಆ ಆವೃತ್ತಿಯಲ್ಲಿ ಆರು ಲಿಪಿಗಳಿಗೆ ಅದು ಅನ್ವಯ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಇಲ್ಲ. ಅದರ ಪ್ರಕಾರ 'ಅಮ್ಮ' ಎಂಬ ಪದವನ್ನು ತೆಲುಗು ಲಿಪಿಯಲ್ಲಿ ಬರೆದರೆ ಎರಡು, ಕನ್ನಡ ಲಿಪಿಯಲ್ಲಿ ಬರೆದರೆ ಮೂರು. ಅದೇ ಅಮ್ಮ, ಹೆಚ್ಚು ಕಡಿಮೆ ಅದೇ ಒತ್ತು, ಅಕ್ಕಪಕ್ಕದ ಮನೆಯ ಲಿಪಿ.

ಈಗ ಹಿಂದಿನ ಬೆಂಚಿನಿಂದ 'ಧಿಕ್ಕಾರ' ಕೇಳಿಸಿತು. ತಮ್ಮ, ಯಾರಿಗೆ ಧಿಕ್ಕಾರ? ಇದು ಯಾರದೋ ಪಿತೂರಿ ಎಂದು ನಾನು ಹೇಳಲಾರೆ. ಆ ಸಂಸ್ಥೆಯ ಕರಡು ನಿಯಮಗಳು ಮುಂಚಿತವಾಗಿ ಎಲ್ಲರಿಗೂ ತೆರೆದಿರುತ್ತವೆ, ಯಾರು ಬೇಕಾದರೂ ಆಕ್ಷೇಪ ಬರೆಯಬಹುದು. ಈ ಕೋಣೆಯಲ್ಲಿ ಆ ಕರಡು ಓದಿದವರು ಕೈ ಎತ್ತಿ. ನಾನೂ ಎತ್ತುವುದಿಲ್ಲ, ನಾನೂ ಓದಿರಲಿಲ್ಲ. ನಾವು ಆಗ ಬೇರೆ ಎಲ್ಲೋ ಹಾರ ಹಾಕುತ್ತಿದ್ದೆವು.

ಎದುರಿಗೆ ಇನ್ನೊಂದು ಸಂಗತಿ ಇಟ್ಟು ನೋಡಿ. ಆಕ್ ಮಾಡಿದ ಮೂವರಲ್ಲಿ ಒಬ್ಬರು ಬ್ರಯಾನ್ ಕರ್ನಿಹಾನ್ ಅಂದೆನಲ್ಲ. ಅವರ ಮೂಲ ಆಕ್‌ಗೂ ಬೈಟೇ ಅಕ್ಷರವಾಗಿತ್ತು. 2022ರಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ, ತಾವೇ ಕೂತು ಅದಕ್ಕೆ ಯುಟಿಎಫ್-8 ಕಲಿಸಿದರು. ಹುಟ್ಟಿದ 45 ವರ್ಷದ ನಂತರ ಆ ಸಲಕರಣೆ ಇಂಗ್ಲಿಷಲ್ಲದ ಭಾಷೆಗಳ ಚಿಹ್ನೆಗಳನ್ನು ನೆಟ್ಟಗೆ ಎಣಿಸಿತು. ಆ ವಯಸ್ಸಿನವರಿಗೆ ಆಗುವುದಾದರೆ ಇಪ್ಪತ್ತರ ನಿಮಗೇನು ಧಾಡಿ?

ಮಗುವಿನ ಮೂರನ್ನು ಯಂತ್ರದ ಬಾಯಿಂದ ಹೊರಡಿಸಲು ದಾರಿಯಿದೆ, ಅದು ಇವತ್ತಿನ ಪಾಠದೊಳಗೇ ಇದೆ. ಗ್ನೂ ಆಕ್‌ಗೆ 2011ರಿಂದ ಎಫ್‌ಪ್ಯಾಟ್ ಎಂಬ ಸೌಲಭ್ಯವಿದೆ. ಸಾಮಾನ್ಯವಾಗಿ ನಾವು ಹೇಳುವುದು 'ಕಾಲಂಗಳ ನಡುವೆ ಏನಿದೆ' ಅಂತ. ಎಫ್‌ಪ್ಯಾಟ್‌ಗೆ ಹೇಳುವುದು 'ಕಾಲಂ ಅಂದರೆ ಹೇಗಿರುತ್ತದೆ' ಅಂತ. ಹಾಗಾದರೆ ಒಂದೊಂದು ಅಕ್ಷರವನ್ನೇ ಒಂದೊಂದು ಕಾಲಂ ಮಾಡಬಹುದಲ್ಲ! ಶಾಲೆಯಲ್ಲಿ ಕಲಿತ ಕಾಗುಣಿತವನ್ನೇ ಹೇಳಿಕೊಡಿ: ಕ ದಿಂದ ಹ ತನಕದ ಒಂದು ವ್ಯಂಜನ ಮತ್ತು ಅರ್ಧಾಕ್ಷರದ ಗುರುತು, ಈ ಜೋಡಿ ಎಷ್ಟು ಸಲ ಬೇಕಾದರೂ ಬರಲಿ, ಬಾರದೆಯೂ ಇರಲಿ, ಆಮೇಲೆ ಒಂದು ಪೂರ್ಣ ವ್ಯಂಜನ, ಇದ್ದರೆ ಕಾಗುಣಿತದ ಒಂದು ಚಿಹ್ನೆ, ಇದ್ದರೆ ಸೊನ್ನೆ ಅಥವಾ ವಿಸರ್ಗ. ಇಲ್ಲವೇ ಅ ದಿಂದ ಔ ತನಕದ ಒಂದು ಸ್ವರ, ಇದ್ದರೆ ಸೊನ್ನೆ. ಇಲ್ಲವೇ ಪದದ ಕೊನೆಯಲ್ಲಿ ಉಳಿದ ಅರ್ಧಾಕ್ಷರ. ಇಷ್ಟು ಬರೆದು ಎನ್‌ಎಫ್ ಎಷ್ಟು ಎಂದು ಕೇಳಿ, ಅಂದರೆ ಎಷ್ಟು ಕಾಲಂ ಎಂದು. 'ಕನ್ನಡ'ಕ್ಕೆ ಮೂರು ಬರುತ್ತದೆ. 'ಅಮ್ಮ'ನಿಗೆ ಎರಡು. 'ಕರ್ನಾಟಕ'ಕ್ಕೆ ನಾಲ್ಕು. ಹಳಗನ್ನಡದ ೞ ಯೂನಿಕೋಡಿನಲ್ಲಿ ಕ-ಹ ಸಾಲಿನ ಹೊರಗೆ ಕೂತಿದೆ. ಹಳೆಯ ಕಾವ್ಯದ ಮೇಲೆ ಕೆಲಸ ಮಾಡುವವರು ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.

ಹಳೆಯ ಫೈಲುಗಳ ಬಗ್ಗೆ ಒಂದು ಮಾತು, ಯಾಕೆಂದರೆ ಮಾಹಿತಿ ಹಕ್ಕಿನಲ್ಲಿ ನಮಗೆ ಸಿಗುವುದರಲ್ಲಿ ಅಂಥವೂ ಇರುತ್ತವೆ. ಕನ್ನಡ ಯೂನಿಕೋಡಿಗೆ ಸೇರಿದ್ದು 1991ರಲ್ಲೇ ಆದರೂ ನಮ್ಮ ಕಚೇರಿಗಳು, ಅಚ್ಚುಮನೆಗಳು ಬಹುಕಾಲ ನುಡಿ, ಬರಹಗಳ ಹಳೆಯ ಫಾಂಟಿನಲ್ಲೇ ಬರೆದವು. ಆ ಫೈಲಿನೊಳಗೆ ಕನ್ನಡ ಇಲ್ಲವೇ ಇಲ್ಲ, ಕನ್ನಡದ ವೇಷ ಹಾಕಿದ ರೋಮನ್ ಅಕ್ಷರ ಮತ್ತು ಚಿಹ್ನೆಗಳಿವೆ. 'ಕನ್ನಡ' ಶುರುವಾಗುವುದೇ ಇಂಗ್ಲಿಷಿನ ದೊಡ್ಡ ಪಿಯಿಂದ. ಸಣ್ಣ ಡಬ್ಲ್ಯು ಅಂದರೆ 'ತಿ', ದೊಡ್ಡ ಡಬ್ಲ್ಯು ಅಂದರೆ ಘಕಾರದ ಮೈ. ಇಂಗ್ಲಿಷಿನ ಹಾಗೆ ದೊಡ್ಡಕ್ಷರ ಸಣ್ಣಕ್ಷರ ಒಂದೇ ಅಂತ ಹುಡುಕಲು ಹೇಳಿದರೆ ತಿ ಮತ್ತು ಘ ಒಂದಾಗಿಬಿಡುತ್ತವೆ! ಅಂಥ ಫೈಲಿನ ಮೇಲೆ ಕಟ್ ಆಗಲಿ ಆಕ್ ಆಗಲಿ ಓಡಿಸಬೇಡಿ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಬಾಲಕ್ಕೆ ಅಂಟಿದ ಕಾಣದ ಗುರುತು ತೆಗೆಯಿರಿ. ಅರ್ಜಿ ಹಾಕುವಾಗಲೇ 'ಯೂನಿಕೋಡಿನಲ್ಲಿ, ವಿದ್ಯುನ್ಮಾನ ರೂಪದಲ್ಲಿ ಕೊಡಿ' ಎಂದು ಕೇಳಿದರೆ ಅರ್ಧ ಕೆಲಸ ಉಳಿಯುತ್ತದೆ.

ಊಟಕ್ಕೆ ಇನ್ನೂ ಹೊತ್ತಿದೆ. ಈಗ ಯಂತ್ರ ತೆರೆಯಿರಿ. ಎಲ್ಲರ ಹತ್ತಿರವೂ ಇರುವ ಪಟ್ಟಿ ಒಂದೇ. ಮೊದಲು ಕಟ್‌ನಲ್ಲಿ ಮೂರನೆಯ ಕಾಲಂ, ಆಮೇಲೆ ಆಕ್‌ನಲ್ಲಿ ರಸ್ತೆವಾರು ಲೆಕ್ಕ. ನಾನು ಬೇಕಂತಲೇ ನಾಲ್ಕು ಸಾಲಿನಲ್ಲಿ ಬಾಲ ಅಂಟಿಸಿದ್ದೇನೆ, ಹಿಡಿಯಿರಿ. ಯಾರ ಯಂತ್ರದಲ್ಲಿ 'ಕನ್ನಡ'ಕ್ಕೆ ಮೂರು ಬರಲಿಲ್ಲವೋ ಅವರು ಒಂದು ಹಾಳೆಯಲ್ಲಿ ಬರೆದಿಡಿ: ಕೊಟ್ಟ ಆಜ್ಞೆ, ಬಂದ ಉತ್ತರ, ಬರಬೇಕಾಗಿದ್ದ ಉತ್ತರ, ಸಲಕರಣೆಯ ಆವೃತ್ತಿ, ಭಾಷೆಯ ಸೆಟ್ಟಿಂಗ್. ಅದನ್ನು ಮಾಡಿದವರಿಗೇ ದೂರು ಕಳಿಸೋಣ, ಮಧ್ಯಾಹ್ನ ಕೂತು ಇಂಗ್ಲಿಷಿನಲ್ಲಿ ನಾನು ಬರೆದುಕೊಡುತ್ತೇನೆ. ಕೊನೆಯ ಬೆಂಚಿನವರು ಮುಂದೆ ಬನ್ನಿ, ಪ್ಲಗ್ಗು ಈ ಕಡೆ ಇದೆ.